ಗಿಡ್ಡ ಮುಳ್ಳು

ಕೈಗಡಿಯಾರ ಕೆಟ್ಟರೆ ರಿಪೇರಿಗೆ ಕೊಡುವುದು ಸುಲಭ. ಮರಳಿ ಬಂದುದು ನಮ್ಮ ಗಡಿಯಾರವೇ ಎಂದು ನಿರ್ಣಯಿಸುವುದು ಅಷ್ಟು ಸುಲಭವಲ್ಲ. ನಮ್ಮ ತಂದೆಯವರು ಮಕ್ತಲ್ ಸೀಮೆಯ ಕನ್ನಡ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿದವರು. ಅವರು ಬಿಟ್ಟುಹೋದ ಎಚ್. ಎಂ. ಟಿ. ಜನತಾ ಗಡಿಯಾರವು ಕಳೆದ ಬೇಸಗೆಯಲ್ಲಿ ನಿಂತುಹೋಯಿತು. ನಾರಾಯಣಪೇಟೆಯ ಒಂದು ಅಂಗಡಿಯಲ್ಲಿ ತೋರಿಸಿದೆವು. ಡಯಲಿಗೆ ಹೊಸ ಬಣ್ಣ ಹಾಕಿಸಿದರೆ ಹೊಸದರಂತೆಯೇ ಕಾಣುವುದೆಂದು ಅವರು ಉತ್ಸಾಹದಿಂದ ಹೇಳಿದರು. ಆ ಉತ್ಸಾಹವನ್ನು ಕಂಡೇ ನಾವು ಗಡಿಯಾರವನ್ನು ಕಿಸೆಗೆ ಹಾಕಿಕೊಂಡು ಎದ್ದೆವು.

ಕೀಲಿ ಕೊಡುವ ಗಡಿಯಾರಗಳನ್ನು ಇನ್ನೂ ಬಿಚ್ಚಿ ಕಟ್ಟುವ ಹಿರಿಯರೊಬ್ಬರು ಗದ್ವಾಲದಲ್ಲಿ ಇದ್ದಾರೆಂದು ತಿಳಿದು ಅಲ್ಲಿಗೆ ಹೋದೆವು. (ಗದ್ವಾಲವು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು; ಆ ವರ್ಷ ಅದನ್ನು ಬಿಚ್ಚಿ ಮಹಬೂಬನಗರಕ್ಕೆ ಜೋಡಿಸಿದರು. ಬಿಡಿಭಾಗಗಳ ಅದಲುಬದಲು ಗಡಿಯಾರಗಳಿಗೆ ಮಾತ್ರ ಸೇರಿದುದಲ್ಲ.)

ಹಿರಿಯರು ಬೆನ್ನಿನ ಮುಚ್ಚಳವನ್ನು ತೆರೆದು, ಮೊದಲು ಯಂತ್ರವನ್ನಲ್ಲ, ಮುಚ್ಚಳದ ಒಳಮೈಯನ್ನು ತೋರಿಸಿದರು. ಹಿಂದೆ ಬಿಚ್ಚಿದವರು ಸೂಜಿಯ ಮೊನೆಯಿಂದ ಗೀಚಿದ ಗುರುತುಗಳು ಅಲ್ಲಿ ಮೂರು ಇದ್ದವು. ಸ್ಕ್ರೂಗಳ ತಲೆಯ ಗಾಡಿಗಳೂ ಸವೆದಿದ್ದವು. ಭೂತಗನ್ನಡಿಯನ್ನು ನಮ್ಮ ಕೈಗೆ ಕೊಟ್ಟು, "ಮಾಸ್ತರೆ, ಈಗ ಡಯಲಿನ ಅಕ್ಷರ ನೋಡ್ರಿ" ಎಂದರು. ಕಾಪಿ ಪುಸ್ತಕ ತಿದ್ದುವ ನಮಗೆ ಇದು ಪರಿಚಿತವಾದ ಕೆಲಸ. ಮರುಬಣ್ಣದ ಡಯಲಿನಲ್ಲಿ ಅಕ್ಷರದ ಅಂಚು ದಪ್ಪವಾಗಿ ಹರಡಿರುತ್ತದೆ, ನಿಮಿಷದ ಗೆರೆಗಳು ಗಂಟೆಯ ಗುರುತುಗಳಿಗೆ ಸರಿಯಾಗಿ ಹೊಂದುವುದಿಲ್ಲ. ನಮ್ಮದರಲ್ಲಿ ಗೆರೆಗಳು ಕೂದಲಿನಂತೆ ತೆಳ್ಳಗಿದ್ದವು. ನಾಲ್ಕರ ಬಳಿ ಹಳದಿಯ ಕಲೆಯೊಂದಿತ್ತು, ಇರಲಿ. ಯಂತ್ರವೂ ಕಾರ್ಖಾನೆಯದೇ: ಕಂಪನಿಯ ಹೆಸರು, 17 ಕಲ್ಲುಗಳೆಂಬ ಬರಹ ಎರಡೂ ಸ್ಪಷ್ಟವಾಗಿದ್ದವು.

ಈ ಗಡಿಯಾರಗಳ ಮೂಲವನ್ನು ಹುಡುಕುತ್ತ ಹೊರಟರೆ ಬೆಂಗಳೂರಿನಲ್ಲಿಯೂ ನಿಲ್ಲಲಾಗದು. ಅಲ್ಲಿಯ ಕಾರ್ಖಾನೆಯು 1961ರಲ್ಲಿ ಗಡಿಯಾರ ಮಾಡತೊಡಗಿದುದು ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ. ಎಚ್. ಎಂ. ಟಿ. ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರವು 2016ರಲ್ಲಿ ಒಪ್ಪಿಗೆ ಕೊಟ್ಟಿತು. ಅಂದಿನಿಂದ ಒಂದು ಜನತಾ ಬದುಕಬೇಕಾದರೆ ಅನೇಕ ವೇಳೆ ಇನ್ನೊಂದು ಸತ್ತ ಜನತಾವೇ ಭಾಗ ಕೊಡಬೇಕು.

ಮುರಿದ ಮುಖ್ಯ ಸ್ಪ್ರಿಂಗನ್ನು ಬದಲಿಸಲು, ಗೀರುಬಿದ್ದ ಗಾಜನ್ನು ತೆಗೆಯಲು ನಾವು ಕೂಡಲೆ ಒಪ್ಪಿದೆವು. ಇವು ಸವೆಯುವುದಕ್ಕೆಂದೇ ಹುಟ್ಟಿದ ಭಾಗಗಳು. ಇವುಗಳಲ್ಲಿ ಮೂಲವನ್ನು ಹುಡುಕುವುದು ಅಪ್ಪನ ಚಪ್ಪಲಿಯಲ್ಲಿ ಹಳೆಯ ಮೊಳೆ ಹುಡುಕಿದಂತೆ. ಸಂಕಟ ಬಂದುದು ನಿಮಿಷದ ಮುಳ್ಳಿನಲ್ಲಿ. ಅದರ ತುದಿ ನಿಮಿಷದ ಗೆರೆಗಳನ್ನು ಮುಟ್ಟುತ್ತಿರಲಿಲ್ಲ. "ಇದು ಬೇರೆ ಗಡಿಯಾರದ್ದು. ಹಿಂದೆ ಯಾರೋ ಹಾಕ್ಯಾರ" ಎಂದ ಹಿರಿಯರು ಡಬ್ಬಿಯಿಂದ ನಿಜವಾದ ಜನತಾ ಮುಳ್ಳೊಂದನ್ನು ತೆಗೆದು ಡಯಲಿನ ಮೇಲಿಟ್ಟರು. ಗೆರೆಗೆ ಸರಿಯಾಗಿ ತಾಕಿತು. ಕಾರ್ಖಾನೆಯವರು ನೋಡಿದರೆ ಮೆಚ್ಚುವಂತಿತ್ತು. ನಾವು ಒಂದು ವಾರದ ಅವಧಿ ಕೇಳಿದೆವು.

ಮಕ್ತಲಿಗೆ ಬಂದು ಅವ್ವನನ್ನು ಕೇಳಿದೆವು. ಅವಳು ಕನ್ನಡಕವನ್ನೂ ಹುಡುಕಲಿಲ್ಲ.

"ನಾ ಈ ಮನಿಗೆ ಬಂದಾಗಿಂದ ಅದು ಗಿಡ್ಡನೇ ಅದ. ಅದನ್ನ ನೋಡೇ ನಿಮ್ಮಪ್ಪ ಸಾಲ್ಯಾಗ ಗಂಟಿ ಹೊಡಸ್ತಿದ್ದರು."

ಹಾಗಾದರೆ ಯಾವ ಮುಳ್ಳು ಮೂಲದ್ದು? ಸಂಗ್ರಹಕಾರರಿಗೆ ಕಾರ್ಖಾನೆಯದೇ ಮೂಲ. ಅದರಂತೆಯೇ ಬೆಲೆ ಕಟ್ಟುವರು, ಅವರ ನಿಯಮವು ತಪ್ಪಲ್ಲ. ಆದರೆ ತಂದೆಯವರ ಮಣಿಕಟ್ಟಿನಲ್ಲಿದ್ದ ಗಡಿಯಾರಕ್ಕೆ ಈ ಪರಕೀಯ ಮುಳ್ಳೇ ಸ್ವಂತದ್ದು.

ಈಗ ಗಡಿಯಾರವು ಕ್ಷಣಕ್ಕೆ ಐದು ಬಡಿತದಂತೆ, ಗಂಟೆಗೆ 18000 ಸಲ ಟಿಕ್‌ಗುಟ್ಟುತ್ತಿದೆ. ದಿನಕ್ಕೆ ಅರ್ಧ ನಿಮಿಷ ಮುಂದೆ ಓಡುತ್ತದೆ. ಮಕ್ಕಳಿಗೆ ಅದರಿಂದ ಬೇಸರವಿಲ್ಲ. ಉದ್ದ ಮುಳ್ಳಿಗೂ ಹಣ ಕೊಟ್ಟು, ಅದನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಸಿಕೊಂಡು ಬಂದಿದ್ದೇವೆ. ಮುಚ್ಚಳದ ಒಳಗೆ ಹಿರಿಯರು ನಾಲ್ಕನೆಯ ಗುರುತನ್ನು ಗೀಚಿದರು.