ಸಮುದ್ರವಿಲ್ಲದ ದ್ವೀಪ

ದ್ವೀಪ ಎಂದ ಕೂಡಲೇ ಈಗ ಎಲ್ಲರ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. ನೀಲಿ ನೀರು, ಬಿಳಿ ಮರಳು, ನೀರಿನ ಕಡೆಗೆ ಬಾಗಿದ ತೆಂಗಿನ ಮರ, ಅದರಡಿ ಎಳನೀರು ಹಿಡಿದು ಕೂತ ಇಬ್ಬರು. ಇದರಲ್ಲಿ ತೆಂಗಿನ ಮರವೂ ಎಳನೀರೂ ಮಂಡ್ಯ ಸೀಮೆಯವರಿಗೆ ಹೊಸದೇನಲ್ಲ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಲಾರಿಗಟ್ಟಲೆ ಕಾಯಿ ಹೊರ ರಾಜ್ಯಗಳಿಗೆ ಹೋಗುತ್ತದೆ. ಆದರೂ ಅದೇ ಎಳನೀರನ್ನು ಪರದೇಶದ ದ್ವೀಪಕ್ಕೆ ಹೋಗಿ, ಹತ್ತು ಪಟ್ಟು ಹಣ ಕೊಟ್ಟು ಕುಡಿದರೆ ಮಾತ್ರ ಅದು ರಜೆ ಎನಿಸಿಕೊಳ್ಳುತ್ತದೆ.

ನಮ್ಮ ಗೆಳೆಯನಿಗೂ ಈ ಆಸೆ ಹತ್ತಿತು. ಮಂಡ್ಯದಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇಟ್ಟುಕೊಂಡಿರುವ ಒಕ್ಕಲಿಗರ ಮನೆಯವನು. ನಾವು ಉರ್ದು ಶಾಲೆ ಮುಗಿಸಿ ಕನ್ನಡ ಹೈಸ್ಕೂಲಿಗೆ ಬಂದ ದಿನ ಬೆಂಚಿನಲ್ಲಿ ಸರಿದು ಜಾಗ ಕೊಟ್ಟವನು. ಅದಾಗಿ ಮೂವತ್ತು ವರ್ಷ ದಾಟಿದೆ. ನಾವು ಒಬ್ಬರೇ ಇದ್ದಾಗಲೂ 'ನಾವು' ಎನ್ನುವುದನ್ನು ಕೇಳಿ ಅಂದು ಅವನು ನಕ್ಕಿದ್ದ. ಉರ್ದುವಿನ 'ಹಮ್' ಕನ್ನಡಕ್ಕೆ ಬಂದಾಗ ಹೀಗಾಗುತ್ತದೆ ಎಂದು ಬಿಡಿಸಿ ಹೇಳಿದ ಮೇಲೆ, 'ಹಂಗಾದ್ರೆ ಅದ್ರಲ್ಲಿ ನನ್ನೂ ಸೇರಿಸ್ಕೊಂಬುಡ್ಲಾ' ಎಂದಿದ್ದ. ಈ ಬರಹದ 'ನಾವು' ಎಂಬುದರಲ್ಲಿಯೂ ಅವನು ಆಗಾಗ ಸೇರಿಕೊಂಡಿದ್ದಾನೆ.

'ಐವತ್ತು ಹತ್ರ ಬಂತು. ಒಂದ್ ಸಲನಾದ್ರೂ ದ್ವೀಪಕ್ಕೆ ಹೋಗ್ಬುಟ್ಟು ಬರುಮ ಕಣ್ಲಾ' ಎಂದು ಅವನು ಹಟ ಹಿಡಿದ. ಮೊದಲು ಬಾಲಿ ಎಂದ, ಆಮೇಲೆ ಮಾಲ್ದೀವ್ಸ್ ಎಂದ. 2024ರ ಜನವರಿಯಲ್ಲಿ ಪ್ರಧಾನಿಯವರ ಭೇಟಿಯ ನಂತರ ಲಕ್ಷದ್ವೀಪದ ಹೆಸರು ಎಲ್ಲರ ಬಾಯಿಗೆ ಬಂದಿತ್ತಲ್ಲ, ಕೊನೆಗೆ ಅಲ್ಲಿಗೆ ಬಂದು ನಿಂತ. ಲಕ್ಷದ್ವೀಪವಾದರೆ ನಮಗೂ ಒಂದು ಕುತೂಹಲವಿತ್ತು. ಅಲ್ಲಿಯ ಉತ್ತರ ಭಾಗದ ಅಮೀನಿ, ಕಡಮತ್, ಕಿಲ್ತಾನ್, ಚೆತ್ಲಾತ್ ದ್ವೀಪಗಳ ಜನ 18ನೇ ಶತಮಾನದ ಕೊನೆಯಲ್ಲಿ ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆ ಬೇಡವೆಂದು ಟಿಪ್ಪು ಸುಲ್ತಾನನ ಆಶ್ರಯಕ್ಕೆ ಬಂದವರು. ಟಿಪ್ಪು ಮಡಿದ ಮೇಲೆ ಆ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿ, 1956ರವರೆಗೂ ಮಂಗಳೂರಿನಿಂದಲೇ ಆಡಳಿತ ನಡೆಯಿತು. ಅಂದರೆ ಶ್ರೀರಂಗಪಟ್ಟಣ ಎಂಬ ಹೊಳೆಯ ದ್ವೀಪದಲ್ಲಿ ಕುಳಿತವನ ಮಾತು ಅರಬ್ಬಿ ಸಮುದ್ರದ ದ್ವೀಪಗಳಲ್ಲಿ ಕೆಲವು ಕಾಲ ನಡೆದಿತ್ತು.

ಆದರೆ ಪರ್ಮಿಟ್ಟು, ಹಡಗಿನ ಟಿಕೆಟ್ಟು, ಅಂಗಡಿ ನೋಡಿಕೊಳ್ಳುವವರು, ಮನೆಯ ಖರ್ಚು ಎಲ್ಲವನ್ನೂ ಲೆಕ್ಕ ಹಾಕಿದಾಗ ನಮ್ಮಿಬ್ಬರ ಕೈಯಲ್ಲಿ ಉಳಿದದ್ದು ಎರಡು ದಿನ ಮತ್ತು ಐದು ಸಾವಿರ ರೂಪಾಯಿ. ಆಗ ನಮಗೆ ಹೊಳೆದದ್ದು, ದ್ವೀಪ ಹುಡುಕಿಕೊಂಡು ಸಮುದ್ರ ದಾಟಬೇಕಾಗಿಲ್ಲ ಎಂಬುದು. ಕಾವೇರಿ ತನ್ನ ದಾರಿಯಲ್ಲಿ ಎರಡಾಗಿ ಒಡೆದು ಮತ್ತೆ ಕೂಡುವ ಜಾಗಗಳಲ್ಲಿ ಮೂರು ದೊಡ್ಡ ದ್ವೀಪಗಳಿವೆ. ಮೂರರಲ್ಲಿಯೂ ರಂಗನಾಥನಿದ್ದಾನೆ. ಶ್ರೀರಂಗಪಟ್ಟಣದಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಇವಲ್ಲದೆ ರಂಗನತಿಟ್ಟಿನ ನಡುಗಡ್ಡೆಗಳಿವೆ. ಅಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನು ನೋಡಿ, ಅದನ್ನು ಪಕ್ಷಿಧಾಮ ಮಾಡಿರೆಂದು ಮೈಸೂರು ಅರಸರಿಗೆ ಹೇಳಿದವರು ಸಲೀಂ ಅಲಿ. 1940ರಲ್ಲಿ ಅದು ಪಕ್ಷಿಧಾಮವಾಯಿತು. ಶ್ರೀರಂಗಪಟ್ಟಣವನ್ನೂ ರಂಗನತಿಟ್ಟನ್ನೂ ನಾವು ಎಷ್ಟೋ ಸಲ ನೋಡಿದ್ದೆವು. ಹಾಗಾಗಿ ಶಿವನಸಮುದ್ರವೇ ನಮ್ಮ ದ್ವೀಪ ಎಂದು ತೀರ್ಮಾನವಾಯಿತು. 'ಹೆಸರಲ್ಲೇ ಸಮುದ್ರ ಅದೆಯಲ್ಲ, ಇನ್ನೇನ್ ಬೇಕು' ಎಂದು ಗೆಳೆಯ ತನಗೆ ತಾನೇ ಸಮಾಧಾನ ಹೇಳಿಕೊಂಡ.

2025ರ ಅಕ್ಟೋಬರ್‌ನಲ್ಲಿ ಹೊರಟೆವು. ಮಂಡ್ಯದಿಂದ ಮದ್ದೂರು, ಅಲ್ಲಿಂದ ಮಳವಳ್ಳಿ, ಅಲ್ಲಿಂದ ಹೊಳೆ. ಇದು ನಮ್ಮ ಹಾದಿ. ಆದರೆ ಹೊರಡುವ ಮುನ್ನ ಎರಡು ಮನೆಗಳಲ್ಲಿಯೂ ಒಂದೇ ಮಾತು ನಡೆದಿತ್ತು. ಒಂದು ತಿಂಗಳ ಹಿಂದೆ, ಸೆಪ್ಟೆಂಬರ್ 7ರಂದು, ಮದ್ದೂರಿನಲ್ಲಿ ಗಣೇಶನ ಮೆರವಣಿಗೆಯ ಹೊತ್ತಿಗೆ ಕಲ್ಲು ತೂರಾಟವಾಗಿ, ನಿಷೇಧಾಜ್ಞೆ, ಬಂದ್ ಎಲ್ಲ ಆಗಿತ್ತು. ಅದರ ಹಿಂದಿನ ವರ್ಷದ ಸೆಪ್ಟೆಂಬರ್‌ನಲ್ಲಿ ನಾಗಮಂಗಲದಲ್ಲಿ ಇಂಥದ್ದೇ ಮೆರವಣಿಗೆಯ ದಿನ ಅಂಗಡಿಗಳು ಸುಟ್ಟಿದ್ದವು. ಮದ್ದೂರಿನಲ್ಲಿ ಕಲ್ಲು ಬಿದ್ದ ಬಡಾವಣೆಯ ಹೆಸರು ರಾಮ್ ರಹೀಮ್ ನಗರ. ಆ ಹೆಸರಿಟ್ಟವರು ಯಾವ ಆಸೆಯಿಂದ ಇಟ್ಟಿದ್ದರೋ ಎಂದು ನೆನೆದಾಗ ಹೊಟ್ಟೆಯೊಳಗೆ ಏನೋ ಕಲಸಿದಂತಾಗುತ್ತದೆ.

ಗೆಳೆಯನ ಹೆಂಡತಿ ಅವನಿಗೆ ಹೇಳಿದ್ದು: 'ಅಣ್ಣನ್ನ ಕರ್ಕೊಂಡ್ ಹೋಯ್ತಾ ಇದ್ದೀರಿ, ಮದ್ದೂರಲ್ಲಿ ಇಳಿಯಾಕೆ ಹೋಗ್ಬೇಡಿ.' ನಮ್ಮ ಅಮ್ಮಿ ನಮಗೆ ಹೇಳಿದ್ದು: 'ಬೇಟಾ, ಆ ಹುಡುಗ ಜೊತೇಲಿ ಬರ್ತಾನಲ್ಲ, ಅವನಿಗೆ ನಿನ್ನಿಂದ ತೊಂದರೆ ಆಗಬಾರದು. ಮದ್ದೂರಿನಲ್ಲಿ ಇಳಿಯಬೇಡಿ.' ಇಬ್ಬರೂ ಬಸ್ಸಿನಲ್ಲಿ ಕೂತ ಮೇಲೆ ಈ ಮಾತುಗಳನ್ನು ಒಬ್ಬರಿಗೊಬ್ಬರು ಹೇಳಿಕೊಂಡು ಸುಮ್ಮನಾದೆವು. ಎರಡರಲ್ಲಿಯೂ ಇದ್ದದ್ದು ಪ್ರೀತಿಯೇ. ಆದರೆ ಪ್ರೀತಿ ಹೀಗೆ ಭಯದ ಭಾಷೆಯಲ್ಲಿ ಮಾತಾಡಲು ಕಲಿತದ್ದು ಯಾವಾಗಿನಿಂದ? ಅಮ್ಮಿಯ ಕಣ್ಣಿಗೆ ಗೆಳೆಯ ಇನ್ನೂ 'ಹುಡುಗ'. ಈ ಹುಡುಗ ರಂಜಾನಿನಲ್ಲಿ ನಮ್ಮ ಮನೆಗೆ ಬಂದು ಗಂಜಿ ಕುಡಿಯುತ್ತಿದ್ದ ದಿನಗಳಲ್ಲಿ ಅವಳು ಅವನ ಕ್ಷೇಮದ ಬಗ್ಗೆ ಕೇಳುತ್ತಿದ್ದದ್ದು ಪರೀಕ್ಷೆಯ ಮಾರ್ಕ್ಸನ್ನು ಮಾತ್ರ.

ಬಸ್ಸು ಮದ್ದೂರಿನಲ್ಲಿ ನಿಂತಿತು. ನಾವು ಇಳಿಯಲಿಲ್ಲ. ಕಿಟಕಿಯಿಂದಲೇ ವಡೆಯ ವಾಸನೆ ಬಂತು. ಅಕ್ಕಿ ಹಿಟ್ಟು, ರವೆ, ಮೈದಾ, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಸೇರಿಸಿ ತಟ್ಟಿದ ಈ ವಡೆಗೆ ನೂರು ವರ್ಷ ದಾಟಿದೆ. 1917ರಲ್ಲಿ ಇಲ್ಲಿನ ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಎಂಬವರು ಅವಸರದಲ್ಲಿ ತಟ್ಟಿ ಕರಿದು ಕೊಟ್ಟದ್ದೇ ಮದ್ದೂರು ವಡೆಯಾಯಿತೆಂದು ಹೇಳುತ್ತಾರೆ. ಅವರು ಕರಾವಳಿಯಿಂದ ಬಂದವರು. ಹೊರಗಿನಿಂದ ಬಂದವರ ಕೈಯ ತಿಂಡಿಗೆ ಊರು ತನ್ನ ಹೆಸರನ್ನೇ ಕೊಟ್ಟುಬಿಟ್ಟಿತು. 2023ರಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಕಾರುಗಳು ಮದ್ದೂರಿಗೆ ಬಾರದೆ ಪಕ್ಕದಲ್ಲೇ ಹಾರಿಹೋಗುತ್ತವೆ. ಊರಿಗೆ ಬಂದುಹೋಗುವವರು ಕಡಿಮೆಯಾದರೆ ವ್ಯಾಪಾರವಷ್ಟೇ ಕಡಿಮೆಯಾಗುವುದಿಲ್ಲ. ಅಪರಿಚಿತರ ಜೊತೆ ಮಾತಾಡುವ ಅಭ್ಯಾಸವೂ ಕಡಿಮೆಯಾಗುತ್ತದೆ.

ಕೆ.ಎಂ. ದೊಡ್ಡಿ ದಾಟಿ ಮಳವಳ್ಳಿಯವರೆಗೆ ಕಬ್ಬು, ಭತ್ತ, ನಡುನಡುವೆ ಹಿಪ್ಪುನೇರಳೆ. ಮಳವಳ್ಳಿಯ ಬಯಲಲ್ಲಿ 1799ರ ಮಾರ್ಚ್ 27ರಂದು ಟಿಪ್ಪುವಿನ ಸೇನೆ ಜನರಲ್ ಹ್ಯಾರಿಸನ ಸೇನೆಯನ್ನು ಎದುರಿಸಿ ಹಿಂದೆ ಸರಿಯಿತು. ಮೂವತ್ತೆಂಟನೆಯ ದಿನ, ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಹೈಸ್ಕೂಲಿನಲ್ಲಿ ಈ ಪಾಠವನ್ನು ನಾವಿಬ್ಬರೂ ಒಂದೇ ಪುಸ್ತಕದಿಂದ ಓದಿದ್ದೆವು, ಒಂದೇ ಕಡೆ ಗೆರೆ ಎಳೆದಿದ್ದೆವು. ಈಗ ಆ ಹೆಸರನ್ನು ಬಸ್ಸಿನಲ್ಲಿ ಗಟ್ಟಿಯಾಗಿ ಹೇಳುವ ಮುನ್ನ ಇಬ್ಬರೂ ಹಿಂದೆ ಮುಂದೆ ನೋಡುತ್ತೇವೆ.

ಮಳವಳ್ಳಿಯಲ್ಲಿ ಲಾಡ್ಜು ಹಿಡಿದೆವು. ರಿಜಿಸ್ಟರಿನಲ್ಲಿ ಒಂದರ ಕೆಳಗೊಂದು ಬರೆದ ಎರಡು ಹೆಸರು ನೋಡಿ ಹುಡುಗ ತಲೆಯೆತ್ತಿದ. 'ಇಬ್ರೂ ಒಂದೇ ರೂಮಾ ಸಾರ್?' 'ಒಂದೇ ಬೆಂಚ್‌ನೋರು ಕಣಪ್ಪ, ಒಂದೇ ರೂಮು' ಎಂದ ಗೆಳೆಯ. ಹುಡುಗ ನಗುತ್ತ ಕೀಲಿ ಕೊಟ್ಟ. ಅಷ್ಟೇ ಆದದ್ದು. ಆದರೂ ಅವನು ತಲೆಯೆತ್ತಿದ ಆ ಒಂದು ಗಳಿಗೆಯಲ್ಲಿ ನಾವಿಬ್ಬರೂ ಉಸಿರು ಹಿಡಿದಿದ್ದು ನಿಜ.

ಶಿವನಸಮುದ್ರದಲ್ಲಿ ಹೊಳೆ ಎರಡಾಗುತ್ತದೆ. ಪಡುವಣ ಕವಲು ಗಗನಚುಕ್ಕಿಯಾಗಿ ಬೀಳುತ್ತದೆ, ಮೂಡಣ ಕವಲು ಭರಚುಕ್ಕಿಯಾಗಿ. ನಡುವಿನ ಭೂಮಿಯೇ ದ್ವೀಪ. ಕೆಳಗೆ ಹೋಗಿ ಎರಡೂ ಕವಲು ಮತ್ತೆ ಕೂಡಿಕೊಳ್ಳುತ್ತವೆ. ಒಂದು ಕಾಲಕ್ಕೆ ಈ ಹೊಳೆ ಎರಡು ಆಡಳಿತಗಳ ಗಡಿಯಾಗಿತ್ತು. ಮಳವಳ್ಳಿಯ ದಡ ಮೈಸೂರು ಸಂಸ್ಥಾನದ್ದು, ಕೊಳ್ಳೇಗಾಲದ ದಡ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯದು. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು. ಈಗ ಅದು ಮಂಡ್ಯ ಮತ್ತು ಚಾಮರಾಜನಗರ ಜಿಲ್ಲೆಗಳ ಗಡಿ. ಹಾಳುಬಿದ್ದಿದ್ದ ದ್ವೀಪವನ್ನು 19ನೇ ಶತಮಾನದ ಆರಂಭದಲ್ಲಿ ಜಾಗೀರಾಗಿ ಪಡೆದ ರಾಮಸ್ವಾಮಿ ಮೊದಲಿಯಾರ್ ಅವರು ಕಾಡು ಕಡಿಸಿ, ಕಲ್ಲುಕಂಬಗಳ ಸೇತುವೆ ಕಟ್ಟಿಸಿದರು. ಅದರಲ್ಲೊಂದರ ಸ್ವಲ್ಪ ಭಾಗ 2018ರ ಪ್ರವಾಹದಲ್ಲಿ ಕೊಚ್ಚಿಹೋಗಿದೆ.

ಮಂಡ್ಯ ಕಡೆಯಿಂದ ಹೋದವರು ಬ್ಲಫ್ ಬಳಿಯ ವೀಕ್ಷಣಾ ಸ್ಥಳದಲ್ಲಿ ನಿಂತು ಗಗನಚುಕ್ಕಿಯನ್ನು ಎದುರಿನಿಂದ ನೋಡುತ್ತಾರೆ. ನಾವೂ ನೋಡಿದೆವು. ಮಳೆಗಾಲದ ನೀರು ಇನ್ನೂ ಇತ್ತು. ಹಾಲಿನಂತೆ ಎನ್ನುವುದು ಹಳೆಯ ಮಾತು. ಗೆಳೆಯನಿಗೆ ಅದು ಗಾಣದ ಮನೆಯ ಕೊಪ್ಪರಿಗೆಯಲ್ಲಿ ಉಕ್ಕುವ ಕಬ್ಬಿನ ಹಾಲಿನ ನೊರೆಯಂತೆ ಕಂಡಿತು. ಕೆಳಗೆ ವಿದ್ಯುದಾಗಾರ. 1902ರ ಜೂನ್‌ನಲ್ಲಿ ಇಲ್ಲಿ ಹುಟ್ಟಿದ ವಿದ್ಯುತ್ತು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿ ತಲುಪಿತು. ಇದರ ಹಿಂದೆ ದುಡಿದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡದೆ 1901ರಲ್ಲೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. 'ನಮ್ಮಜ್ಜಿ ಇದೇ ಮಳವಳ್ಳಿ ಕಡೆಯೋಳು. ಸಾಯೋ ತನಕ ಬುಡ್ಡಿದೀಪದಲ್ಲೇ ಮುದ್ದೆ ತಿರುವಿದ್ಲು' ಎಂದ ಗೆಳೆಯ. ಹೊಳೆ ಯಾರ ಮನೆ ಮುಂದೆ ಹರಿಯುತ್ತದೆಯೋ ಅವರಿಗೇ ಬೆಳಕು ಮೊದಲು ಸಿಗುತ್ತದೆ ಎಂಬ ನಿಯಮವೇನಿಲ್ಲ.

ಎದುರು ದಡದ ಬಂಡೆಗಳ ಮೇಲೆ ಚುಕ್ಕಿಗಳಂತೆ ಜನ ಕಾಣುತ್ತಿದ್ದರು. ಅದು ಹಜರತ್ ಮರ್ದಾನೆ ಗೈಬ್ ದರ್ಗಾದ ಕಡೆ. ಜಲಪಾತದ ಈ ಮಗ್ಗುಲಲ್ಲಿ ನಿಂತವರು ಆ ಮಗ್ಗುಲಿನವರಿಗೆ ಕೈ ಬೀಸಬಹುದು, ಅಷ್ಟು ಹತ್ತಿರ. ಆದರೆ ಅಲ್ಲಿಗೆ ಹೋಗಬೇಕಾದರೆ ಸತ್ತೇಗಾಲದ ಕಡೆಯಿಂದ ಸುತ್ತಿ, ಸೇತುವೆ ದಾಟಿ, ದ್ವೀಪದ ಒಳಗಿಂದಲೇ ಬರಬೇಕು. ಬಹಳ ಜನ ಈ ಕಡೆ ಫೋಟೊ ತೆಗೆದುಕೊಂಡು ಹಿಂದಿರುಗುತ್ತಾರೆ. ನಾವು ಆಟೊ ಹಿಡಿದೆವು.

ದಾರಿಯಲ್ಲಿ ಮಧ್ಯರಂಗನ ಗುಡಿ. ಗೆಳೆಯ ಒಳಗೆ ಹೋದ, ನಾವು ಹೊರಗೆ ಮರದ ಕೆಳಗೆ ಚಪ್ಪಲಿ ಕಾಯುತ್ತ ಕೂತೆವು. ಬರುವಾಗ ಅವನ ಕೈಯಲ್ಲಿ ಪ್ರಸಾದವಿತ್ತು. ಅದನ್ನು ಅವನು ಕಾಗದದಲ್ಲಿ ಸುತ್ತಿ ಮನೆಗೆಂದು ಚೀಲಕ್ಕೆ ಹಾಕಿಕೊಂಡ. ಪಕ್ಕದ ಗಾಡಿಯಲ್ಲಿ ಎರಡು ಬಾಳೆಹಣ್ಣು ಕೊಂಡು ಒಂದನ್ನು ನಮಗೆ ಕೊಟ್ಟ. ಏನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಯಾರಿಗೆ ಏನನ್ನು ಕೊಡಬೇಕು, ಏನನ್ನು ಕೊಟ್ಟು ಮುಜುಗರ ಮಾಡಬಾರದು ಎಂಬುದು ಮೂವತ್ತು ವರ್ಷದ ಒಡನಾಟದಲ್ಲಿ ತಾನಾಗಿ ಬರುವ ತಿಳಿವಳಿಕೆ. ಸೌಹಾರ್ದದ ಸಭೆಗಳಲ್ಲಿ ನಾವು ಎಷ್ಟೋ ಭಾಷಣ ಕೇಳಿದ್ದೇವೆ. ಈ ಬಾಳೆಹಣ್ಣಿನಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ.

ದರ್ಗಾದ ಬಳಿ ಕುಟುಂಬಗಳು ಚಾಪೆ ಹಾಸಿ ಕೂತಿದ್ದವು. ಅವರಲ್ಲಿ ಬುರ್ಖಾದವರೂ ಇದ್ದರು, ಹಣೆಗೆ ಕುಂಕುಮ ಇಟ್ಟವರೂ ಇದ್ದರು. ದರ್ಗಾಕ್ಕೆ ಹೋಗಿ ಹರಕೆ ಹೊರುವುದು ಸರಿಯೇ ಎಂಬ ಚರ್ಚೆ ನಮ್ಮವರೊಳಗೇ ಇದೆ. ಅದು ಇರಲಿ. 'ಈ ಹೆಸರಿಗೆ ಅರ್ಥ ಏನ್ಲಾ' ಎಂದು ಗೆಳೆಯ ಕೇಳಿದ. 'ಮರ್ದಾನ್' ಎಂದರೆ ಪುರುಷರು, 'ಗೈಬ್' ಎಂದರೆ ಕಣ್ಣಿಗೆ ಕಾಣದ್ದು. ಲೋಕದ ಒಳಿತಿಗಾಗಿ ಹೆಸರಿಲ್ಲದೆ, ಗುರುತಿಲ್ಲದೆ ದುಡಿಯುವ ಕೆಲವು ಮಂದಿ ಎಲ್ಲ ಕಾಲದಲ್ಲಿಯೂ ಇರುತ್ತಾರೆ ಎಂಬ ನಂಬಿಕೆ ಸೂಫಿಗಳಲ್ಲಿ ಉಂಟು. ಗೆಳೆಯ ಸ್ವಲ್ಪ ಹೊತ್ತು ಯೋಚಿಸಿ, 'ಹಂಗಾದ್ರೆ ಗಲಾಟೆ ದಿವ್ಸ ಪಕ್ಕದ ಮನೆಯೋರ ಅಂಗಡಿ ಬಾಗ್ಲು ಎಳೆದು ಬೀಗ ಹಾಕಿ ಕೀಲಿ ಇಟ್ಕೊಂಡೋರು ಇರ್ತಾರಲ್ಲ, ಅವ್ರೂವೆ ಅದೇ ಲೆಕ್ಕನಾ' ಎಂದ. ಪತ್ರಿಕೆಯಲ್ಲಿ ಬಾರದ ಅಂಥವರ ಲೆಕ್ಕ ಯಾರ ಬಳಿ ಇದೆ?

ಅಸರ್ ನಮಾಜಿನ ಹೊತ್ತಾಯಿತು. ಕಾವೇರಿ ಮೂಡಣಕ್ಕೆ ಹೋಗುವ ಹೊಳೆ, ನಮ್ಮ ಕಿಬ್ಲಾ ಪಡುವಣಕ್ಕೆ. ಹಾಗಾಗಿ ಇಲ್ಲಿ ನಮಾಜಿಗೆ ನಿಂತವರ ಮುಖ ಹೊಳೆ ಬರುವ ದಿಕ್ಕಿಗೇ ಇರುತ್ತದೆ. ಗೆಳೆಯ ನಮ್ಮ ಚೀಲ ಹಿಡಿದು, ಬಂಡೆಯ ಅಂಚಿಗೆ ಓಡುತ್ತಿದ್ದ ಯಾರದೋ ಮಕ್ಕಳನ್ನು ಗದರಿಸುತ್ತ ನಿಂತಿದ್ದ. ಗದರಿಸಬೇಕಾದದ್ದೇ. ಈ ಬಂಡೆಗಳು ಪಾಚಿಗಟ್ಟಿ ಜಾರುತ್ತವೆ, ಮೇಲಿನಿಂದ ನೀರು ಯಾವ ಗಳಿಗೆಯಲ್ಲಿ ಏರುತ್ತದೋ ತಿಳಿಯುವುದಿಲ್ಲ. ಎಚ್ಚರಿಕೆಯ ಫಲಕ ಮೀರಿ ಇಳಿದವರಲ್ಲಿ ಎಷ್ಟೋ ಜನ ಮೇಲೆ ಬಂದಿಲ್ಲ. ಹೋಗುವವರು ದೂರದಿಂದಲೇ ನೋಡಿ ಬರುವುದು ಒಳ್ಳೆಯದು.

ಮರುದಿನ ಹಿಂದಿರುಗುವಾಗ ಬಸ್ಸು ಮದ್ದೂರಿಗೆ ಬಂದು ನಿಂತಿತು. ಯಾರು ಮೊದಲು ಎದ್ದರೋ ನೆನಪಿಲ್ಲ, ಇಬ್ಬರೂ ಇಳಿದೆವು. ಹೋಟೆಲಿನಲ್ಲಿ ಎದುರುಬದುರು ಕೂತು ಬಿಸಿ ವಡೆ ತಿಂದು ಕಾಫಿ ಕುಡಿದೆವು. ಯಾರೂ ತಲೆಯೆತ್ತಿ ನೋಡಲಿಲ್ಲ. ಎಲ್ಲರಿಗೂ ಅವರವರ ಅವಸರ. ಎರಡು ಪೊಟ್ಟಣ ಕಟ್ಟಿಸಿದೆವು. ಒಂದು ಅವನ ಹೆಂಡತಿಗೆ, ಒಂದು ಅಮ್ಮಿಗೆ. ಎಲ್ಲಿ ಕೊಂಡದ್ದೆಂದು ಪೊಟ್ಟಣದ ವಾಸನೆಯೇ ಇಬ್ಬರಿಗೂ ಹೇಳುತ್ತಿತ್ತು.

ದ್ವೀಪದಲ್ಲಿ ಎರಡು ದಿನ ಕಳೆದುದಕ್ಕೆ ಲಾಡ್ಜು, ಬಸ್ಸು, ಆಟೊ, ಊಟ ಎಲ್ಲ ಸೇರಿ ಇಬ್ಬರಿಗೂ ಆದ ಖರ್ಚು ನಾಲ್ಕು ಸಾವಿರದ ಒಳಗೆ. ಉಳಿದ ದುಡ್ಡನ್ನು ಗೆಳೆಯ ಅಂಗಡಿಯ ಗಲ್ಲದಲ್ಲಿ ಬೇರೆ ತೆಗೆದಿಟ್ಟಿದ್ದಾನೆ. ಅದಕ್ಕೆ ತಿಂಗಳಿಗಿಷ್ಟೆಂದು ಇಬ್ಬರೂ ಸೇರಿಸುತ್ತಿದ್ದೇವೆ. ಮುಂದಿನ ಸಲ ಎರಡು ಮನೆಯವರೂ ಒಟ್ಟಿಗೆ ಹೋಗಬೇಕು, ಮದ್ದೂರಿನಲ್ಲಿ ಇಳಿದೇ ಹೋಗಬೇಕು ಎಂದು ಅಮ್ಮಿಯೇ ಹೇಳಿದ್ದಾಳೆ.