ವಿಳಾಸದಾರರು ಊರಲ್ಲಿಲ್ಲ

ಊರುಗಳಿಗೆ ಹೆಸರಿಡುವಾಗ ನಮ್ಮ ಹಿರಿಯರು ಅಂಚೆ ಇಲಾಖೆಯ ಅಪ್ಪಣೆ ಕೇಳಲಿಲ್ಲ. ಕೇಳಿದ್ದರೆ ಪುತ್ತೂರು ಒಂದೇ ಇರುತ್ತಿತ್ತು. ದಕ್ಷಿಣ ಕನ್ನಡದ ನಮ್ಮ ಪುತ್ತೂರು ಒಂದು. ಕೈಕಾಲು ಮುರಿದವರು ‘ಪುತ್ತೂರು ಕಟ್ಟು’ ಹಾಕಿಸಿಕೊಳ್ಳಲು ಹುಡುಕಿಕೊಂಡು ಹೋಗುವ ಆಂಧ್ರದ ಪುತ್ತೂರು ಇನ್ನೊಂದು. ತಮಿಳುನಾಡಿನ ಪುತ್ತೂರುಗಳನ್ನು ಎಣಿಸಹೋಗುವುದು ಬೇಡ. ಕಡಬವೂ ಹಾಗೆಯೇ. ನಮ್ಮದು ಸುಬ್ರಹ್ಮಣ್ಯದ ದಾರಿಯದು. ಮತ್ತೊಂದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನದು. ಸುಳ್ಯಕ್ಕೆ ಜೋಡಿಯೂರು ಇರುವುದನ್ನು ನಾನು ಕೇಳಿಲ್ಲ. ಆದರೆ ಅದನ್ನು ಇಂಗ್ಲಿಷಿನಲ್ಲಿ ಬರೆಯುವವರು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಬರೆದು ಆ ಕೊರತೆಯನ್ನು ತುಂಬಿಕೊಟ್ಟಿದ್ದಾರೆ.

1953ರ ವರೆಗೆ ಆಂಧ್ರದ ಪುತ್ತೂರೂ ನಮ್ಮದೂ ಒಂದೇ ಮದ್ರಾಸ್ ರಾಜ್ಯದಲ್ಲಿದ್ದವು. ಆದಕಾರಣ ನಮ್ಮವರು ಊರಿನ ಹೆಸರಿಗೆ ‘ಎಸ್. ಕೆ.’ ಎಂದು, ಎಂದರೆ ಸೌತ್ ಕೆನರಾ ಎಂದು, ಒಂದು ಬಾಲ ಸೇರಿಸುತ್ತಿದ್ದರು. ಬಾಲ ಮರೆತ ಪತ್ರಕ್ಕೆ ತಿರುಪತಿಯ ಆಸುಪಾಸನ್ನು ಸುತ್ತಿಬರುವ ಪುಣ್ಯ ದೊರೆಯಬಹುದಾಗಿತ್ತು.

ಈ ಗೊಂದಲಕ್ಕೆ ಮದ್ದು ಕಂಡುಹಿಡಿದವರು ಶ್ರೀರಾಮ ಭಿಕಾಜಿ ವೇಲಣಕರರು. ಕೇಂದ್ರ ಸಂಪರ್ಕ ಸಚಿವಾಲಯದಲ್ಲಿ ಹಿರಿಯ ಅಧಿಕಾರಿಗಳು, ಸಂಸ್ಕೃತ ಕವಿಗಳೂ ಹೌದು. ಅವರ ಆರಂಕಿಯ ಪಿನ್ ಕೋಡ್ 1972ರ ಆಗಸ್ಟ್ 15ರಂದು ಜಾರಿಗೆ ಬಂತು. ಗಣ, ಮಾತ್ರೆ ಲೆಕ್ಕಹಾಕಿ ಪಳಗಿದ ಕೈಗೆ ಊರುಗಳನ್ನು ಗಣವಿಭಾಗ ಮಾಡುವುದು ಕಷ್ಟವಾಗಲಿಲ್ಲವೇನೋ! ನಮ್ಮ ಪುತ್ತೂರು 574201, ಆಂಧ್ರದ್ದು 517583. ಮೊದಲಂಕಿ ಎರಡಕ್ಕೂ ಒಂದೇ, ಎರಡನೆಯದಕ್ಕೆ ಬರುವಷ್ಟರಲ್ಲಿ ದಾರಿ ಕವಲೊಡೆಯುತ್ತದೆ. ಸುಳ್ಯಕ್ಕೆ 574239, ಕಡಬಕ್ಕೆ 574221. ಕಡಬ ಈಚೆಗೆ ತಾಲ್ಲೂಕಾಯಿತು. ಹಳೆಯ ರೂಢಿಯಂತೆ ‘ಪುತ್ತೂರು ತಾಲ್ಲೂಕು’ ಎಂದು ಬರೆಯುವವರು ಇನ್ನೂ ಇದ್ದಾರೆ. ಅಂಕಿ ಸರಿಯಿದ್ದರೆ ಅವರ ಪತ್ರವೂ ದಾರಿ ತಪ್ಪುವುದಿಲ್ಲ.

ಯಂತ್ರಕ್ಕೆ ಬೇಕಾದದ್ದೂ ಈ ಅಂಕಿಯೇ. ಪತ್ರಗಳನ್ನು ವಿಂಗಡಿಸುವ ಯಂತ್ರ ಮುಂಬಯಿಗೆ 1993ರಲ್ಲಿ, ಚೆನ್ನೈಗೆ 1996ರಲ್ಲಿ ಬಂತು. ಇಂಥ ಯಂತ್ರ ಲಕೋಟೆಯ ಮುಖ ನೋಡಿ, ಅಂಕಿಯನ್ನು ಗುರುತಿಸಿ, ಪತ್ರವನ್ನು ಅದರದರ ಗೂಡಿಗೆ ತಳ್ಳುತ್ತದೆ. ಓದಲು ಬಾರದ ಅಕ್ಷರ ಎದುರಾದರೆ ಏನು ಗತಿ? ಅಮೆರಿಕದಲ್ಲಿ ಅಂಥ ಲಕೋಟೆಯ ಚಿತ್ರವನ್ನು ಸಾಲ್ಟ್ ಲೇಕ್ ಸಿಟಿಯ ಒಂದು ಕೇಂದ್ರಕ್ಕೆ ಕಳುಹಿಸುತ್ತಾರೆ. ಅಲ್ಲಿ ಕುಳಿತ ಜನ ಪರದೆಯ ಮೇಲೆ ನೋಡಿ ವಿಳಾಸವನ್ನು ಬೆರಳಚ್ಚಿಸುತ್ತಾರೆ. ಉತ್ತರಪತ್ರಿಕೆ ತಿದ್ದಿ ಬದುಕುವ ನನಗೆ ಇದನ್ನು ಓದಿ ಬಹಳ ಸಮಾಧಾನವಾಯಿತು. ಯಂತ್ರ ಕೈಬಿಟ್ಟ ಅಕ್ಷರಕ್ಕೂ ಕೊನೆಗೆ ಮಾಸ್ತರರಂಥವರೇ ದಿಕ್ಕು!

ಆದರೆ ಅಂಕಿಯ ಆಳ್ವಿಕೆ ಅಂಚೆಕಚೇರಿಯ ಬಾಗಿಲಿಗೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಮನೆ ಸೇರಬೇಕಲ್ಲ? ನಮ್ಮ ಹಳ್ಳಿಗಳಲ್ಲಿ ಬೀದಿಯಿಲ್ಲ, ಸಾಲುಮನೆಯಿಲ್ಲ. ಅಡಿಕೆ ತೋಟದ ನಡುವೆ ಒಂದು ಮನೆ. ಗುಡ್ಡ ಹತ್ತಿ ಇಳಿದರೆ, ತೋಡು ದಾಟಿದರೆ, ಇನ್ನೊಂದು. ಪ್ರತಿ ಮನೆಗೂ ಒಂದು ಹೆಸರು. ಬೈಲು, ಮಜಲು, ಅಡ್ಕ, ಪದವು, ಮೂಲೆ ಎಂದು ನೆಲದ ಏರುತಗ್ಗೆಲ್ಲ ಆ ಹೆಸರುಗಳ ಕೊನೆಗೆ ಬಂದು ಕುಳಿತಿದೆ. ‘ಇಂಥ ಮನೆ, ಇಂಥ ಗ್ರಾಮ ಮತ್ತು ಅಂಚೆ’ ಎಂದರೆ ವಿಳಾಸ ಪೂರ್ಣವಾಯಿತು. ಹೊರಗಿನವರಿಗೆ ಇದು ಒಗಟು. ಅಂಚೆಯಣ್ಣನಿಗೆ ಅಂಗೈ ಗೆರೆ. ಯಾವ ಮನೆ ಪಾಲಾಯಿತು, ಯಾರು ಮಗಳ ಮನೆಗೆ ಹೋಗಿ ನೆಲೆಸಿದರು ಎಂಬುದೆಲ್ಲ ಅವರಿಗೆ ಗೊತ್ತು.

ಕೆಲವು ವರ್ಷಗಳ ಹಿಂದೆ, ಗೃಹಪ್ರವೇಶಕ್ಕೆಂದು ನನ್ನ ತಂದೆಯವರ ಹಳೆಯ ಸ್ನೇಹಿತರೊಬ್ಬರಿಗೆ ಆಮಂತ್ರಣ ಕಳುಹಿಸಿದ್ದೆ. ಸುಳ್ಯದಿಂದಾಚೆ, ಘಟ್ಟದ ಬುಡದ ಹಳ್ಳಿ. ತಿಂಗಳು ಕಳೆದು ಲಕೋಟೆ ತಿರುಗಿ ಬಂತು. ತಿರುಗಿ ಬರುವ ಪತ್ರದ ಷರಾಗಳನ್ನು ಓದುಗರು ಕಂಡೇ ಇರುತ್ತೀರಿ: ‘ಬಾಗಿಲು ಹಾಕಿದೆ’, ‘ಊರು ಬಿಟ್ಟಿದ್ದಾರೆ’, ‘ವಿಳಾಸ ಸಾಲದು’. ನನ್ನ ಲಕೋಟೆಯ ಮೇಲೆ ನೀಲಿ ಶಾಯಿಯಲ್ಲಿ ಹೀಗಿತ್ತು: ‘ತೀರಿಕೊಂಡರು. ಮಕ್ಕಳು ಬೆಂಗಳೂರು. ಮನೆಗೆ ಬೀಗ.’ ಬಂಧುಗಳಿಂದ ಬರಬೇಕಾಗಿದ್ದ ಸುದ್ದಿಯನ್ನು ನಾವು ಮುಖ ಕಾಣದ ಅಂಚೆಯವರೊಬ್ಬರು ತಿಳಿಸಿದ್ದರು. ಕೆಲಸಕ್ಕೆ ಮೊದಲ ಮಾತೊಂದೇ ಸಾಕಾಗಿತ್ತು. ಕೇಳುವವರಿದ್ದಾರು ಎಂದುಕೊಂಡು ಉಳಿದೆರಡನ್ನೂ ಬರೆದರು. ತಂದೆಯವರು ಆ ಲಕೋಟೆಯನ್ನು ತಮ್ಮ ಪೆಟ್ಟಿಗೆಯಲ್ಲಿ ಇರಿಸಿಕೊಂಡರು.

ಅದು ತಿರುಗಿ ಬಂದದ್ದಾದರೂ ಬೆನ್ನಿನ ಮೇಲೆ ನನ್ನ ವಿಳಾಸವಿದ್ದುದರಿಂದ. ಪಡೆಯುವವರೂ ಸಿಗದೆ, ಕಳುಹಿಸಿದವರೂ ತಿಳಿಯದೆ ಉಳಿದ ಪತ್ರಗಳು ಹೋಗಿ ಸೇರುವ ಕಚೇರಿಗೆ ಹಿಂದೆ ‘ಡೆಡ್ ಲೆಟರ್ ಆಫೀಸ್’ ಎಂದೇ ಹೆಸರು; ಆಮೇಲೆ ‘ರಿಟರ್ನ್ಡ್ ಲೆಟರ್ ಆಫೀಸ್’ ಎಂದು ಮೃದುಮಾಡಿದರು. 1898ರ ಅಂಚೆ ಕಾಯಿದೆಯಂತೆ, ಗುಟ್ಟು ಕಾಯುವ ಕಟ್ಟಿಗೆ ಒಳಪಟ್ಟ ಅಧಿಕಾರಿ ಅಂಥ ಪತ್ರವನ್ನು ಒಡೆದು ಒಳಗೆ ಹೆಸರು ವಿಳಾಸ ಹುಡುಕುತ್ತಿದ್ದರು. ಆಗಲೂ ಸಿಗದಿದ್ದರೆ ಪತ್ರಕ್ಕೆ ನಾಶವೇ ಗತಿ. ಆ ಕಾಯಿದೆ ಹೋಗಿ 2024ರ ಜೂನಿನಿಂದ ಹೊಸದು ಬಂದಿದೆ. ಕಾಯಿದೆ ಯಾವುದಿದ್ದರೇನು? ‘ಇಂದ’ ಎಂದು ಬರೆದು ತನ್ನ ವಿಳಾಸ ಸೇರಿಸಲು ಸೋಮಾರಿತನಪಟ್ಟವನ ಪತ್ರ ಅನಾಥವೇ.

2025ರ ಮೇ ತಿಂಗಳಲ್ಲಿ ಇಲಾಖೆ ‘ಡಿಜಿಪಿನ್’ ಎಂಬುದನ್ನು ತಂದಿತು. ದೇಶದ ನೆಲವನ್ನೆಲ್ಲ ಸುಮಾರು 4 ಮೀಟರಿನ ಚೌಕಗಳಾಗಿ ಹಂಚಿ, ಒಂದೊಂದಕ್ಕೂ ಅಕ್ಷರ ಅಂಕಿ ಬೆರೆತ ಹತ್ತರ ಗುರುತು. ತೋಟದ ನಡುವಿನ ಮನೆಗೂ ಇದರಿಂದ ಉಪಕಾರವಾದೀತು; ನಾನು ಬೇಡವೆನ್ನಲಾರೆ. ಆದರೆ ಚೌಕಕ್ಕೆ ಜಾಗ ಗೊತ್ತು, ಜನ ಗೊತ್ತಿಲ್ಲ. ಬೀಗ ಹಾಕಿದ ಮನೆಗೂ ದೀಪ ಉರಿಯುವ ಮನೆಗೂ ಅದು ಒಂದೇ ಬಗೆಯ ಗುರುತು ಕೊಡುತ್ತದೆ.

ಈಚೆಗೆ ತರಗತಿಯಲ್ಲಿ ಪತ್ರಲೇಖನದ ಪಾಠ ಮಾಡುವಾಗ, ಅವರವರ ಮನೆಯ ವಿಳಾಸ ಬರೆಯಲು ಹೇಳಿದೆ. ಪಿನ್ ಕೋಡ್ ಹಲವರು ಬರೆದರು. ಮೊಬೈಲ್ ನಂಬರು ಎಲ್ಲರೂ ಬರೆದರು. ಮನೆಯ ಹೆಸರು ಬರೆದವರು ಕೆಲವರೇ. ಒಬ್ಬ ಹುಡುಗಿ ಎದ್ದು, “ಸರ್, ಪಾರ್ಸೆಲಿನವರು ಫೋನ್ ಮಾಡ್ತಾರಲ್ಲ, ನಾವೇ ಮಾರ್ಗದ ಬದಿಗೆ ಹೋಗಿ ತಕ್ಕೊಳ್ಳುದು” ಎಂದಳು. ಮಾತು ನಿಜವೇ. ಆದರೆ ಆ ನಂಬರು ಬದಲಾದ ದಿನ ಅವಳ ಮನೆಗೆ ದಾರಿ ಹೇಳುವವರು ಯಾರು? ಹೊಸದಾಗಿ ಬಂದ ಅಂಚೆಯವರಿಗೆ ಮನೆಗಳ ಹೆಸರು ಕಲಿಸುವುದು ಆ ಹೆಸರಿಗೆ ಬರುವ ಕಾಗದಗಳು. ಕಾಗದ ನಿಂತರೆ ಆ ಪಾಠವೂ ನಿಂತಂತೆ. ಆಮೇಲೆ ಮೂರು ಮಾತಿನ ಷರಾ ಬರೆಯುವವರೂ ಇರುವುದಿಲ್ಲ.

ಆದ್ದರಿಂದ, ಯಂತ್ರಕ್ಕೆಂದು ಅಂಕಿ ಬರೆಯೋಣ, ಅಂಚೆಯಣ್ಣನಿಗೆಂದು ಮನೆಯ ಹೆಸರನ್ನೂ ಬರೆಯೋಣ. ಮುಂದಿನ ವಾರ ಅಜ್ಜ ಅಜ್ಜಿಯನ್ನು ಕೇಳಿ ಮನೆಯ ಹೆಸರು, ಅದರ ಅರ್ಥ ಬರೆದುಕೊಂಡು ಬನ್ನಿ ಎಂದು ಹುಡುಗರಿಗೆ ಹೇಳಿದ್ದೇನೆ. ಹಿಂದಿನ ಬೆಂಚಿನವನೊಬ್ಬ, “ಇದಕ್ಕೆ ಮಾರ್ಕು ಉಂಟಾ ಸರ್?” ಎಂದು ಕೇಳಿದ. ಉಂಟು ಎಂದಿದ್ದೇನೆ.