ಇಂಜಿನ್ ಹೋಗಿಲ್ಲ ಅಣ್ಣಾ

ಕೊಪ್ಪ, ರಾತ್ರಿ ಹನ್ನೊಂದೂವರೆ

ಪ್ರೀತಿಯ ಅಣ್ಣಾ,

ಮೊದಲು ಅಪ್ಪನಿಗೆ ಹೇಳಿಬಿಡು: ಅಮ್ಮ ಆರಾಮಾಗಿದ್ದಾಳೆ, ಬಿಪಿ ಮಾತ್ರೆ ತಗೊಂಡು ಮಲಗಿದ್ದಾಳೆ, ಕಾರೂ ಆರಾಮಾಗಿದೆ. ಸಂಜೆ ಫೋನಿನಲ್ಲಿ “ಗಾಡಿ ನಿಂತಿದೆ” ಅನ್ನೋವಷ್ಟರಲ್ಲಿ ಲೈನು ಕಟ್ಟಾಯ್ತು. ಆಮೇಲೆ ನೆಟ್‌ವರ್ಕ್ ಇಲ್ಲ, ಈಗ ಕರೆಂಟೂ ಇಲ್ಲ. ಬೆಳಿಗ್ಗೆ ಸಿಗ್ನಲ್ ಸಿಕ್ಕ ಕೂಡಲೇ ಫೋನ್ ಮಾಡ್ತೀನಿ. ಆದರೆ ಗಾಡಿಯ ವಿಷಯ ಫೋನಿನಲ್ಲಿ ಹೇಳಿ ಮುಗಿಯೋದಲ್ಲ. ನೀನು ಅದನ್ನ ಎಕ್ಸ್‌ಚೇಂಜಿಗೆ ಹಾಕೋ ಮಾತಾಡ್ತಿದ್ದೀಯಲ್ಲ, ಅದಕ್ಕೇ ಬರೀತಿದೀನಿ. ಪೂರ್ತಿ ಓದು, ಆಮೇಲೆ ತೀರ್ಮಾನ ಮಾಡು.

ದಾರಿಯಲ್ಲಿ ಗಾಜನೂರು ಡ್ಯಾಮು ನೋಡಿದ್ವಿ. ಮಂಡಗದ್ದೆಯಲ್ಲಿ ತುಂಗೆ ನಡುವಿನ ಮರಗಳ ತುಂಬ ಹಕ್ಕಿಗಳು ಗೂಡು ಕಟ್ಟಿವೆ. ಕುಪ್ಪಳಿಯಲ್ಲಿ ಕುವೆಂಪು ಮನೆ ನೋಡಿ ಅಮ್ಮ ಬಹಳ ಹೊತ್ತು ಕಂಬಗಳ ಹತ್ತಿರ ನಿಂತಿದ್ದಳು. ಕವಿಶೈಲದ ಗುಡ್ಡ ಹತ್ತೋಕೆ ಮಾತ್ರ ಅವಳ ಮಂಡಿ ಒಪ್ಪಲಿಲ್ಲ.

ಗಾಡಿಯ ತೊಂದರೆ ತೀರ್ಥಹಳ್ಳಿಗೆ ಮುಂಚೆಯೇ ಮತ್ತೆ ಶುರುವಾಗಿತ್ತು. ಗಾಡಿ ನಿಲ್ಲಿಸಿದರೆ ಸ್ಟೇರಿಂಗು ನಡುಗೋದು, ಇನ್ನೇನು ಆಫ್ ಆಯ್ತು ಅನ್ನೋ ಹಾಗೆ ಇಳಿದು ಮತ್ತೆ ಏರೋದು. ಮಳೆ ಜೋರಾದ ಮೇಲೆ ಪಿಕಪ್ಪೂ ಹೋಯ್ತು. ಕುಪ್ಪಳಿ ದಾಟಿ ಏರು ಬಂದಾಗ ಎರಡನೇ ಗೇರಲ್ಲಿ ಎಳೀಲಿಲ್ಲ, ಒಂದನೇ ಗೇರಿಗೆ ಹಾಕಿದರೆ ಜಗ್ಗಿ ಜಗ್ಗಿ ಹೋಯ್ತು. ಹಿಂದೆ ಒಂದೇ ಸಮ ಹಸಿ ಪೆಟ್ರೋಲ್ ವಾಸನೆ. ಹೊರಡೋ ಮುಂಚೆ ನಮ್ಮೂರಲ್ಲಿ ತೋರಿಸಿದಾಗ ಗ್ಯಾರೇಜಿನವರು ಏನು ಹೇಳಿದ್ದರು ನೆನಪಿದೆಯಲ್ಲ? ರಿಂಗ್ ಹೋಗಿದೆ, ಬೋರ್ ಮಾಡಿಸಬೇಕು, ಇಲ್ಲಾ ಮಾರಿಬಿಡಿ ಅಂತ. ಬಾನೆಟ್ ಎತ್ತಿ ಸ್ಲೋ ಸ್ಕ್ರೂ ತಿರುಗಿಸಿ ಇಂಜಿನ್ ಸದ್ದು ಜಾಸ್ತಿ ಮಾಡಿ ಕಳಿಸಿದ್ದರು. ಅದು ರಿಪೇರಿಯಲ್ಲ ಅಣ್ಣಾ, ರೋಗ ಮುಚ್ಚೋದು. ನನಗೆ ಅವರ ಮೇಲೆ ಇನ್ನೂ ಸಿಟ್ಟಿದೆ.

ಕೊಪ್ಪದ ಹತ್ತಿರ ರಸ್ತೆ ಬದಿಯ ಒಂದು ಸಣ್ಣ ಗ್ಯಾರೇಜಿನ ಮುಂದೆ ಗಾಡಿ ತಾನಾಗೇ ನಿಂತಿತು. ಅಲ್ಲಿನ ಮೆಕ್ಯಾನಿಕ್ ಬಾಗಿಲು ಹಾಕೋದರಲ್ಲಿದ್ದರು. ಅಪ್ಪನಿಗಿಂತ ಸ್ವಲ್ಪ ಚಿಕ್ಕವರಿರಬೇಕು. ಅಮ್ಮನನ್ನ ನೋಡಿ, “ಒಳಗೆ ಬನ್ನಿ ಅಮ್ಮಾ, ಎಂತಕ್ಕೆ ನೆನೀತೀರಿ” ಅಂತ ಮೊದಲು ಅವಳಿಗೆ ಕುರ್ಚಿ ಹಾಕಿದರು. ಬಾನೆಟ್ ಮುಟ್ಟಲಿಲ್ಲ. ಕೇಳೋಕೆ ಶುರು ಮಾಡಿದರು. ಯಾವಾಗಿಂದ? ಮಳೇಲಿ ಜಾಸ್ತಿಯಾ, ಬಿಸಿಲಲ್ಲೂ ಇದೆಯಾ? ಬೆಳಿಗ್ಗೆ ತಣ್ಣಗಿದ್ದಾಗ ಹೇಗೆ? ಎಕ್ಸಲೇಟರ್ ಒತ್ತಿದರೆ ನಡುಗೋದು ಕಡಿಮೆಯಾಗ್ತದಾ? ನಾನು ಹೇಳಿದ್ದನ್ನೆಲ್ಲ ಕೇಳಿ, “ಇದು ಒಂದು ಕಾಯಿಲೆ ಅಲ್ಲ ಮಾರ್ರೆ, ಎರಡಿರಬೇಕು” ಅಂದರು. ನಿಂತಾಗಿನ ನಡುಕ ಬೇರೆ, ಏರಲ್ಲಿ ಎಳೆಯದಿರೋದು ಬೇರೆ. ಎರಡನ್ನೂ ಸೇರಿಸಿ ‘ಇಂಜಿನ್ ಹೋಯ್ತು’ ಅಂದುಬಿಟ್ಟರೆ ಎರಡೂ ಸಿಗಲ್ಲ ಅಂತ ಅವರ ಮಾತು. ನನಗೆ ಇಡೀ ದಿನದಲ್ಲಿ ಕೇಳಿದ ಒಳ್ಳೇ ಮಾತು ಅದೇ.

ಆಮೇಲೆ ಇಂಜಿನ್ ಚಾಲೂ ಇಟ್ಟು, ಒಣಬಟ್ಟೆ ಸುತ್ತಿದ ಇಕ್ಕಳದಲ್ಲಿ ಪ್ಲಗ್ ವೈರುಗಳನ್ನ ಒಂದೊಂದೇ ಕಿತ್ತು ಮತ್ತೆ ಹಾಕಿದರು. ನಮ್ಮ ಮಾರುತಿ ಎಂಟುನೂರಕ್ಕೆ ಇರೋದೇ ಮೂರು ಸಿಲಿಂಡರು, 796 ಸಿಸಿ. ಒಂದನೇದು ಕಿತ್ತಾಗ ಇಂಜಿನ್ ಕುಸೀತು. ಮೂರನೇದು ಕಿತ್ತಾಗಲೂ ಕುಸೀತು. ನಡುವಿನದು ಕಿತ್ತಾಗ ಏನೂ ಆಗಲಿಲ್ಲ! ಅಂದರೆ ಅದು ಮೊದಲೇ ಕೆಲಸ ಬಿಟ್ಟಿತ್ತು. “ಮೂರು ಜನ ಹೊತ್ತ ಅಡ್ಡೆಯಲ್ಲಿ ನಡುವಿನವ ಕೈ ಬಿಟ್ಟಿದ್ದಾನೆ, ಉಳಿದಿಬ್ಬರು ಎಷ್ಟು ಹೊರಬೇಕು?” ಅಂದರು.

ಪ್ಲಗ್‌ಗಳನ್ನ ಬಿಚ್ಚಿ ಸಾಲಾಗಿ ಇಟ್ಟರು. ಎರಡು ತಿಳಿ ಕಂದು ಬಣ್ಣಕ್ಕೆ ಒಣಗಿದ್ದವು, ನಡುವಿನದು ಪೆಟ್ರೋಲಲ್ಲಿ ಒದ್ದೆ. ಪೆಟ್ರೋಲು ಬರ್ತಿದೆ, ಉರೀತಿಲ್ಲ. ಬಿಚ್ಚಿದ್ದೇ ಆಯ್ತಲ್ಲ ಅಂತ ಗೇಜು ಹಾಕಿ ಕಂಪ್ರೆಷನ್ನೂ ನೋಡಿದರು. ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಸಮ ಬಂತು. ಇದನ್ನ ಅಪ್ಪನಿಗೆ ಎರಡು ಸಲ ಓದಿ ಹೇಳು. ರಿಂಗ್ ಹೋಗಿಲ್ಲ. ಬೋರ್ ಬೇಡ.

ನಡುವಿನ ಪ್ಲಗ್ಗನ್ನ ಒಂದನೇದಕ್ಕೆ, ಒಂದನೇದನ್ನ ನಡುವಿಗೆ ಬದಲಾಯಿಸಿದರು. ಮಿಸ್ಸಿಂಗ್ ನಡುವಲ್ಲೇ ಉಳೀತು. ಹಾಗಾದರೆ ಪ್ಲಗ್ಗಿಂದಲ್ಲ. ತಮ್ಮ ಹತ್ತಿರ ಇದ್ದ ಬೇರೆ ವೈರು ಹಾಕಿದರು, ಆಗಲೂ ಅಲ್ಲೇ. ಆಗ ಗ್ಯಾರೇಜಿನ ದೀಪ ಆರಿಸಿ ನನ್ನನ್ನ ಹತ್ತಿರ ಕರೆದರು. ಡಿಸ್ಟ್ರಿಬ್ಯೂಟರ್ ಕ್ಯಾಪಿನ ಮೇಲೆ ಸಣ್ಣ ನೀಲಿ ಕಿಡಿ ಓಡಾಡ್ತಿತ್ತು. ಬಿಚ್ಚಿ ನೋಡಿದರೆ ಒಳಗಡೆ ಒಂದು ಸಣ್ಣ ಕಪ್ಪು ಬಿರುಕು. ಕ್ಯಾಪಲ್ಲಿ ತೇವ ಕೂತಾಗ ಕರೆಂಟು ಪ್ಲಗ್ಗಿಗೆ ಹೋಗೋ ಬದಲು ಆ ಬಿರುಕು ಹಿಡಿದು ಇಂಜಿನ್ನಿನ ಮೈಗೆ ಇಳಿದುಬಿಡುತ್ತಂತೆ. ಮಳೇಲಿ ಯಾಕೆ ಜಾಸ್ತಿ ಅನ್ನೋದಕ್ಕೆ ಉತ್ತರ ಸಿಕ್ತು.

ತಾವು ಇಟ್ಟುಕೊಂಡಿದ್ದ ಹಳೇ ಕ್ಯಾಪ್ ಒರೆಸಿ ಹಾಕಿದ ಮೇಲೆ ಎಳೆಯೋ ಶಕ್ತಿ ಬಂತು, ನಿಂತಾಗಿನ ನಡುಕ ಮಾತ್ರ ಪೂರ್ತಿ ಹೋಗಲಿಲ್ಲ. ಅದಕ್ಕೆ ಅವರು ಒಂದು ಸಿರಿಂಜಲ್ಲಿ ನೀರು ತಗೊಂಡು ಮ್ಯಾನಿಫೋಲ್ಡಿನ ರಬ್ಬರ್ ಪೈಪುಗಳ ಮೇಲೆ ಹನಿ ಹನಿ ಬಿಟ್ಟರು. ಒಂದು ಕಡೆ ನೀರು ಸರ್ ಅಂತ ಒಳಗೆ ಹೋಯ್ತು, ಇಂಜಿನ್ ಸದ್ದೂ ಬದಲಾಯ್ತು. ಪೈಪಿನ ತುದಿ ಸೀಳಿತ್ತು. ಸ್ಲೋನಲ್ಲಿ ಇಂಜಿನ್ ಎಳೆಯೋದೇ ಸ್ವಲ್ಪ ಗಾಳಿ, ಆಗ ಈ ಕಳ್ಳಗಾಳಿ ಸೇರಿದರೆ ಮಿಶ್ರಣ ತೆಳುವಾಗಿ ನಡುಗುತ್ತೆ. ಓಡುವಾಗ ಗಾಳಿ ಬಹಳ ಎಳೆಯೋದರಿಂದ ಅದು ಲೆಕ್ಕಕ್ಕೇ ಬರಲ್ಲ. ಸೀಳಿದ ತುದಿ ಕತ್ತರಿಸಿ ಮತ್ತೆ ಸಿಕ್ಕಿಸಿದರು, ನಮ್ಮೂರಲ್ಲಿ ತಿರುಗಿಸಿದ್ದ ಸ್ಕ್ರೂ ಹಿಂದಕ್ಕೆ ತಂದರು. ಆಮೇಲೆ ಡ್ಯಾಶ್‌ಬೋರ್ಡ್ ಮೇಲೆ ಇಟ್ಟಿದ್ದ ಅಮ್ಮನ ಕನ್ನಡಕ ಅಲ್ಲಾಡಲೇ ಇಲ್ಲ.

ಈ ಹೊತ್ತಿಗೆ ಅಮ್ಮ ಗ್ಯಾರೇಜಿನಲ್ಲಿರಲಿಲ್ಲ. ಅವರ ತಾಯಿ ಹಿಂದಿನ ಮನೆಗೆ ಕರಕೊಂಡು ಹೋಗಿ, ಬಚ್ಚಲ ಒಲೆ ಮುಂದೆ ಕೂರಿಸಿ, ಸೀರೆ ಅಂಚು ಒಣಗಿಸಿ, ಬಿಸಿ ಕಡುಬು, ಕಳಲೆ ಪಲ್ಯ ಬಡಿಸಿದ್ದರು. ನನಗೂ ಬಿಡಲಿಲ್ಲ. ತುಪ್ಪ ಬೇಡ ಅಂದರೂ ಸುರಿದರು. ಅಮ್ಮ ಇಷ್ಟು ಊಟ ಮಾಡಿದ್ದು ನಾನು ಈಚೆಗೆ ನೋಡಿರಲಿಲ್ಲ. ಆ ಅಜ್ಜಿಯೂ ಬಿಪಿ ಮಾತ್ರೆಯವರೇ, ಇಬ್ಬರಿಗೂ ಮಾತು ಮುಗೀಲಿಲ್ಲ. ಮೆಕ್ಯಾನಿಕ್ ಕೂಲಿ ತಗೊಂಡದ್ದು ನಾನೂರು ರೂಪಾಯಿ. ಕ್ಯಾಪಿಗೆ ದುಡ್ಡು ಬೇಡ, ಹಳೇದು, ಹೊಸದು ಸಿಕ್ಕಿದ ಮೇಲೆ ಬಿಸಾಕಿ ಅಂದರು. ಲಾಡ್ಜಿನವರೆಗೂ ತಮ್ಮ ಬೈಕಲ್ಲಿ ಮುಂದೆ ಮುಂದೆ ಬಂದು ದಾರಿ ತೋರಿಸಿದರು, ಆ ಮಳೆಯಲ್ಲಿ.

ನಿನ್ನಿಂದ ಕೆಲವು ಕೆಲಸ ಆಗಬೇಕು. ಸ್ಪೇರ್ ಪಾರ್ಟ್ಸ್ ಅಂಗಡೀಲಿ ಕ್ಯಾಪ್, ರೋಟರ್, ಪ್ಲಗ್ ವೈರ್ ಸೆಟ್ ತಗೊಂಡಿಡು. 1997ರ ಗಾಡಿ, ಕಾರ್ಬೊರೇಟರಿಂದು, ಎಂಪಿಎಫ್‌ಐದಲ್ಲ ಅಂತ ಒತ್ತಿ ಹೇಳು, ಇಲ್ಲದಿದ್ರೆ ಬೇರೆ ಕೊಟ್ಟುಬಿಡ್ತಾರೆ. ಇಂಜಿನ್ ಆಯಿಲ್ಲೂ ಬೇಕು. ಉರಿಯದ ಪೆಟ್ರೋಲು ಆಯಿಲ್ಲಿಗೆ ಇಳಿದು ತೆಳು ಮಾಡಿರುತ್ತೆ, ಊರಿಗೆ ಹೋದ ಕೂಡಲೇ ಬದಲಾಯಿಸಿ ಅಂದಿದ್ದಾರೆ. ಅಪ್ಪನ ಕಣ್ಣಿನ ಡ್ರಾಪ್ಸ್ ಫ್ರಿಜ್ಜಲ್ಲಿ ಮೇಲಿನ ತಟ್ಟೆಯಲ್ಲಿದೆ, ರಾತ್ರಿದು ಮರೀಬೇಡ. ಎಕ್ಸ್‌ಚೇಂಜಿನವರು ಫೋನ್ ಮಾಡಿದರೆ ಈಗ ಬೇಡ ಅನ್ನು. ಅತ್ತಿಗೆಗೆ ನಾನು ಬಂದು ಹೇಳ್ತೀನಿ, ಗಾಡೀಲಿ ಒಂದು ಸಲ ಕೂತು ನೋಡಲಿ ಸಾಕು.

ನಾಳೆ ಮಳೆ ಬಿಟ್ಟರೆ ಶೃಂಗೇರಿ, ಅಲ್ಲಿಂದ ಹೊರನಾಡು. ಏರಿಗೆ ಇನ್ನು ಹೆದರಿಕೆಯಿಲ್ಲ.

ಹಾಂ, ಅತ್ತಿಗೆಗೆ ಇನ್ನೊಂದು. ಆ ಅಜ್ಜಿ ಒಂದು ಚೀಲ ಹಸಿ ಕಳಲೆ ಕಟ್ಟಿಕೊಟ್ಟಿದ್ದಾರೆ. ಹಾಗೇ ಬೇಯಿಸಬಾರದಂತೆ, ಸಣ್ಣಗೆ ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಚೆಲ್ಲಿ ಹೊಸ ನೀರು ಹಾಕಬೇಕು, ಎರಡು ಮೂರು ದಿನ. ನಾವು ಬರೋದು ತಡವಾದರೆ ಇಲ್ಲೇ ಲಾಡ್ಜಿನವರ ಹತ್ತಿರ ಒಂದು ಪಾತ್ರೆ ಕೇಳಿ ನಾನೇ ನೆನೆಹಾಕಿ, ಆಮೇಲೆ ಡಬ್ಬಿಗೆ ಹಾಕಿಕೊಂಡು, ಕಾರಲ್ಲಿ ಆ ನೀರು ಚೆಲ್ಲದ ಹಾಗೆ ತರ್ತೀನಿ.